ಮೇಲಿನ ಫೋಲ್ಡರಿಗೆ ಹಾಕಿದ ಫೈಲು

ಆ ಕಾಗದಕ್ಕೆ ನಾನು ಮೂರು ದಿನ ಸಹಿ ಹಾಕಲಿಲ್ಲ. ಈಗ ಯಾರಾದರೂ ಕೇಳಿದರೆ ಧೈರ್ಯ ಎಂದು ಹೇಳಿಕೊಳ್ಳಬಹುದು, ಆದರೆ ಆಗ ನನ್ನಲ್ಲಿ ಇದ್ದದ್ದು ಬರೀ ಸಿಟ್ಟು. ಸಿಟ್ಟಿಗೆ ನಾನು ಮೊದಲಿನಿಂದಲೂ ಹೆಸರುವಾಸಿ. "ಇದಕ ಮೂಗಿನ ಮ್ಯಾಲೇ ಸಿಟ್ಟದ" ಎಂದು ನಮ್ಮವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, ಚಹಾ ಕೊಡುವುದಕ್ಕೂ ಮುಂಚೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನೂ ನನ್ನ ಅಕ್ಕನೂ ರಾಯಚೂರಿನಿಂದ ಬಂದು ಹಲಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಅಕ್ಕ ಶಿವಾಜಿನಗರದ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ನನಗೆ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕ್‌ನಲ್ಲಿ ನಾಲ್ಕನೇ ಮಹಡಿಯ ಒಂದು ಕಂಪನಿಯಲ್ಲಿ ಕೆಲಸ. ಕೆಲಸ ಅಲ್ಲಿ, ನೌಕರಿ ಮಾತ್ರ ಅಲ್ಲಿಯದಲ್ಲ. ನನ್ನನ್ನು ತೆಗೆದುಕೊಂಡವನು ಒಬ್ಬ ಏಜೆಂಟ್, ಕರಾರಿನ ಮೇಲೆ ಕೂರಿಸಿದ್ದು ಈ ಕಂಪನಿಯಲ್ಲಿ. ಕಂಪನಿಯ ಸ್ವಂತ ಜನರ ಕೊರಳಲ್ಲಿ ನೀಲಿ ಪಟ್ಟಿ, ನಮ್ಮಂಥವರ ಕೊರಳಲ್ಲಿ ಕೆಂಪು. ಈ ಕಾಗದ ಬಂದ ತಿಂಗಳ ಕೊನೆಗೆ ನನ್ನ ಕರಾರು ಮುಗಿಯುವುದಿತ್ತು. ಮುಗಿದ ಮೇಲೆ ನನ್ನನ್ನು ಪರ್ಮನೆಂಟ್ ಮಾಡಿಕೊಳ್ಳುತ್ತೇವೆ ಎಂದು ನಮ್ಮ ಲೀಡ್ ಎರಡು ಸಲ ಹೇಳಿದ್ದರು. ನನಗೆ ಅದು ಬೇಕಾಗಿತ್ತು. ಬೇಡ ಎಂಬಂತೆ ಓಡಾಡಿಕೊಂಡಿದ್ದೆ, ಆದರೆ ತುಂಬಾ ಬೇಕಾಗಿತ್ತು.

ಲೀಡ್ ಅಂದರೆ ನಮ್ಮ ಆರು ಜನರ ತಂಡದ ಹಿರಿಯರು. ಕೆಟ್ಟವರಲ್ಲ. ಹುಷಾರಿಲ್ಲ ಅಂದರೆ ಮನೆಗೆ ಕಳಿಸುವವರು, ಊರಿಗೆ ಹೋಗಿ ಬಂದರೆ ಏನು ತಂದೆ ಎಂದು ಡಬ್ಬಿ ತೆಗೆದು ನೋಡುವವರು. ಆದರೆ ಅವರಿಗೆ ಕೆಲಸದಲ್ಲಿ ಎರಡೇ ಸೂತ್ರ. ಒಂದು, ಓಡುತ್ತಿರುವುದನ್ನು ಮುಟ್ಟಬಾರದು. ಎರಡು, ಏನಾದರೂ ಕಾಣೆಯಾದರೆ ಮೇಲಕ್ಕೆ ಹಾಕಬೇಕು.

ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರದೇಶದ ಒಂದು ಔಷಧಿ ವ್ಯಾಪಾರಿ ಕಂಪನಿಗೆ ನಾವು ಜಾವಾದಲ್ಲಿ ವೆಬ್ ಸರ್ವೀಸ್ ಬರೆದುಕೊಡುತ್ತಿದ್ದೆವು. ಆರ್ಡರ್ ತೆಗೆದುಕೊಳ್ಳಲು ಒಂದು ಮಾಡ್ಯೂಲ್, ದಾಸ್ತಾನು ನೋಡಲು ಒಂದು, ಗಿರಾಕಿಗಳ ವಿವರಕ್ಕೆ ಒಂದು. ಕೊನೆಯದು ನನ್ನದು. ಪ್ರತಿ ಮಾಡ್ಯೂಲ್‌ಗೂ ತನ್ನದೇ ಫೋಲ್ಡರ್, ತನಗೆ ಬೇಕಾದ ಫೈಲುಗಳನ್ನು ತಾನೇ ಇಟ್ಟುಕೊಳ್ಳಬೇಕು. ಇವೆಲ್ಲದರ ಮೇಲೆ ಎಲ್ಲರಿಗೂ ಸೇರಿದ ಒಂದು ಫೋಲ್ಡರ್ ಇತ್ತು. ನಮ್ಮ ಸರ್ವರ್‌ನ ನಿಯಮ ಏನೆಂದರೆ, ಯಾವ ಮಾಡ್ಯೂಲ್ ಏನು ಕೇಳಿದರೂ ಮೊದಲು ಮೇಲಿನ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಅಲ್ಲಿ ಸಿಕ್ಕರೆ ಅದೇ ಗಟ್ಟಿ. ಮಾಡ್ಯೂಲ್ ತನ್ನ ಫೋಲ್ಡರ್‌ನಲ್ಲಿ ಇಟ್ಟುಕೊಂಡದ್ದನ್ನು ತಿರುಗಿಯೂ ನೋಡುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ, ಅಪ್ಪನ ಕೊಡೆ ಇದ್ದರೆ ಯಾರೂ ತಮ್ಮ ಕೊಡೆ ಬಿಚ್ಚುವಂತಿರಲಿಲ್ಲ, ಅಪ್ಪನದು ಹರಿದಿದ್ದರೂ.

ಹೀಗಿರುವಾಗ ಯಾವುದಾದರೂ ಮಾಡ್ಯೂಲ್ 'ಈ ಕ್ಲಾಸ್ ಸಿಗುತ್ತಿಲ್ಲ' ಎಂದು, ಅಂದರೆ ತನಗೆ ಬೇಕಾದ ಕೋಡಿನ ಒಂದು ತುಂಡು ಕಾಣುತ್ತಿಲ್ಲ ಎಂದು ಅತ್ತರೆ ಯಾಕೆ ಸಿಗುತ್ತಿಲ್ಲ ಎಂದು ನೋಡುವ ಬದಲು ಅದಿರುವ ಫೈಲನ್ನು ಮೇಲಿನ ಫೋಲ್ಡರಿಗೆ ಎಸೆದುಬಿಡುವುದು ನಮ್ಮ ತಂಡದ ಪದ್ಧತಿ. ಎಲ್ಲರಿಗೂ ಸಿಗುತ್ತದೆ, ಅಳು ನಿಲ್ಲುತ್ತದೆ ಎಂಬ ನಂಬಿಕೆ. "ಮೇಲಕ್ಕೆ ಹಾಕು ಮಗಾ" ಎಂಬ ಮಾತು ನಮ್ಮ ಸಾಲಿನಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತಿತ್ತು. ಎಲ್ಲರೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಯಾರು ಏನು ಹಾಕಿದರು ಎಂದು ಬರೆದಿಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಆಯುಧಪೂಜೆ ಬಂತು. ಹಬ್ಬ ವಾರದ ಯಾವ ದಿನ ಬಿದ್ದರೂ ಆಫೀಸಿನ ಪೂಜೆ ಅದರ ಹಿಂದಿನ ಶುಕ್ರವಾರ ಮಧ್ಯಾಹ್ನವೇ. ನಮ್ಮ ಕಂಪ್ಯೂಟರ್‌ಗಳಿಗೆ ಅರಿಸಿನ ಕುಂಕುಮ, ಕೀಬೋರ್ಡ್ ಮೇಲೆ ಒಂದೊಂದು ಸೇವಂತಿಗೆ. ಆ ವರ್ಷ ಲೀಡ್‌ಗೆ ಸರ್ವರ್‌ಗೂ ಪೂಜೆಯಾಗಬೇಕು ಅನ್ನಿಸಿತು. ಆಯುಧಗಳಿಗೆ ಆ ದಿನ ವಿಶ್ರಾಂತಿ ಕೊಡಬೇಕಲ್ಲ, ಓಡುವ ಯಂತ್ರಕ್ಕೆ ಕುಂಕುಮ ಇಡುವುದು ಹೇಗೆ? ಓಡುತ್ತಿರುವುದನ್ನು ಮುಟ್ಟಬಾರದು ಎನ್ನುವವರು ದೇವರ ಹೆಸರಿನಲ್ಲಿ ಮುಟ್ಟಲು ಹೊರಟರು. ಕ್ಲೈಂಟ್‌ಗೆ 'ಮೇಂಟೆನೆನ್ಸ್' ಎಂದು ಮೇಲ್ ಬರೆದು ಎರಡು ಗಂಟೆ ಅನುಮತಿ ತಗೊಂಡರು. ತಿಂಗಳುಗಟ್ಟಲೆ ಒಮ್ಮೆಯೂ ನಿಲ್ಲದಿದ್ದ ಸರ್ವರ್ ನಿಂತಿತು. ಕುಂಕುಮವಾಯಿತು, ಹೂವಾಯಿತು, ಗಾಜಿನ ಬಾಗಿಲ ಹೊರಗೆ ಬೂದುಗುಂಬಳಕಾಯಿ ಒಡೆದದ್ದಾಯಿತು. ಮತ್ತೆ ಸ್ವಿಚ್ ಹಾಕಿ, ಕಡ್ಲೆಪುರಿಯ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ ಹೋದೆವು.

ನಾವು ಮನೆ ಸೇರುವ ಹೊತ್ತಿಗೆ ಕ್ಲೈಂಟ್‌ಗೆ ಬೆಳಗಾಗುತ್ತದೆ. ಸೋಮವಾರ ಬಂದು ನೋಡಿದರೆ ಮೇಲ್ ತುಂಬ ದೂರು. ಗಿರಾಕಿಗಳ ವಿವರ ತೆರೆದರೆ ಸಾಕು, ಸರ್ವೀಸ್ ಬೀಳುತ್ತಿದೆ. 'ಇಂಥ ಮೆಥಡ್ ಇಲ್ಲ' ಎಂದು ತಪ್ಪು ತೋರಿಸುತ್ತಿದೆ. ಮೆಥಡ್ ಅಂದರೆ ಕ್ಲಾಸು ಮಾಡಿಕೊಡುವ ಒಂದು ಕೆಲಸ; ಇದು ಗಿರಾಕಿ ಕ್ಲಾಸಿನದು, ಗಿರಾಕಿಯ ಎರಡನೇ ಫೋನ್ ನಂಬರ್ ಕೊಡುವಂಥದ್ದು. ಅದನ್ನು ಬರೆದವಳು ನಾನು. ಅದಿರುವ ಹೊಸ ಮಾಡ್ಯೂಲನ್ನು ಪೂಜೆಯ ಹಿಂದಿನ ದಿನ, ಗುರುವಾರ, ಹಾಕಿದವಳೂ ನಾನೇ.

ಲೀಡ್ ನನ್ನ ಮಾಡ್ಯೂಲನ್ನು ತೆಗೆಸಿ ಹಳೆಯದನ್ನು ಹಾಕಿಸಿದರು. ಎಲ್ಲ ಸರಿಹೋಯಿತು. ಮಧ್ಯಾಹ್ನದೊಳಗೆ ಒಂದು ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟರು. ಕ್ಲೈಂಟ್‌ಗೆ ಕಳಿಸಬೇಕಾದ ವರದಿ. ಕಾರಣ: ಅಪೂರ್ಣ ಫೈಲು ಹಾಕಿದ್ದು. ಹೊಣೆ: ನನ್ನ ಹೆಸರು. ಕೆಳಗೆ ಸಹಿಗೆ ಜಾಗ.

"ಗುರುವಾರದೊಳಗೆ ಕಳಿಸ್ಬೇಕು. ಸುಮ್ನೆ ಫಾರ್ಮಾಲಿಟಿ ಕಣಮ್ಮಾ, ಸೈನ್ ಹಾಕ್ಬಿಡು."

"ನನ್ನ ಫೈಲು ಅಪೂರ್ಣ ಅಲ್ಲ ಸಾರ್. ಮೆಥಡ್ ಅದರಲ್ಲಿ ಇದೆ. ತೆರೆದು ತೋರಿಸ್ಲಾ?"

"ನಿಂದು ಹಾಕಿದ್ರೆ ಕೆಡತ್ತೆ, ತೆಗೆದ್ರೆ ಸರಿಹೋಗತ್ತೆ. ಇನ್ನೇನ್ ತೋರಿಸ್ತೀಯ?"

ಸರ್ವರ್ ತಾನೇ ಬರೆದಿಡುವ ದಿನಚರಿ, ಲಾಗ್, ತೆಗೆದೆ. ಗುರುವಾರ ಹಾಕಿದ ಮೇಲೆ ಶುಕ್ರವಾರ ಮಧ್ಯಾಹ್ನದವರೆಗೆ ಎಷ್ಟೋ ಸಲ ನನ್ನ ಮಾಡ್ಯೂಲನ್ನು ಬಳಸಿದ್ದಾರೆ, ಒಂದು ಸಲವೂ ಬಿದ್ದಿಲ್ಲ. ಮೊದಲ ಬಾರಿ ಬಿದ್ದದ್ದು ಪೂಜೆಯ ನಂತರ. ಪ್ರಿಂಟ್ ತೆಗೆದು ಒಯ್ದು ತೋರಿಸಿದೆ.

"ಶುಕ್ರವಾರ ಯಾರೂ ಏನೂ ಚೇಂಜ್ ಮಾಡಿಲ್ವಲ್ಲ" ಎಂದರು.

"ಮಾಡಿದ್ದೀವಿ ಸಾರ್. ಸರ್ವರ್ ಆಫ್ ಮಾಡಿ ಆನ್ ಮಾಡಿದ್ದೀವಿ."

ಅವರಿಗೆ ನಿಜಕ್ಕೂ ನಗು ಬಂತು. "ಪೂಜೆ ಮಾಡಿದ್ದಕ್ಕೆ ಕೆಟ್ಟೋಯ್ತು ಅಂತ ಕ್ಲೈಂಟ್‌ಗೆ ಬರೀಲಾ?" ಎಂದರು. ಸುತ್ತ ಕೂತಿದ್ದವರೂ ನಕ್ಕರು. ಅವರಲ್ಲಿ ನೀಲಿ ಪಟ್ಟಿಯವರೂ ಇದ್ದರು, ಕೆಂಪು ಪಟ್ಟಿಯವರೂ ಇದ್ದರು. ಕೆಂಪು ಪಟ್ಟಿಯವರು ನಕ್ಕದ್ದು ನನಗೆ ಹೆಚ್ಚು ನೋವಾಯಿತು.

ಸಂಜೆ ಹಲಸೂರಿನ ಕೋಣೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೆಳಗಿನ ಮನೆಯ ಒಡತಿ ಎಂದಿನಂತೆ ಈ ಸದ್ದಿಗೆ ತಮಿಳಿನಲ್ಲಿ ಗೊಣಗುತ್ತಿದ್ದಳು. ನಾನು ಎಲ್ಲ ಹೇಳಿದೆ. ಕ್ಲಾಸು, ಮೆಥಡ್ಡು ಅವಳಿಗೆ ಕಬ್ಬಿಣದ ಕಡಲೆ, ಆದರೆ ಕಾಗದ ಅಂದಾಗ ಕೈ ನಿಲ್ಲಿಸಿದಳು.

"ನೀ ಮಾಡಿಯೇನು?"

"ಇಲ್ಲ."

"ಮತ್ತ ಸಹಿ ಯಾಕ ಹಾಕ್ತಿ? ನಮ್ಮ ಆಫೀಸಿನಾಗ ದಿನಾ ನೋಡ್ತೀನಿ. ಹೇಳಿ ಬರೆಸೋರು ಅವರು, ಟೈಪ್ ಮಾಡೋಕಿ ನಾನು, ಸಿಕ್ಕೊಂಡು ಬೀಳೋದು ಸಹಿ ಹಾಕಿದಾಂವ."

ಮಂಗಳವಾರ ನಾನು ನನ್ನ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದೆ, ಚೆನ್ನಾಗಿ ಓಡಿತು. ಪರೀಕ್ಷೆಗೆಂದು ಇಟ್ಟ ಇನ್ನೊಂದು ಸರ್ವರ್‌ನಲ್ಲಿ ಹಾಕಿದೆ, ಅದನ್ನು ಆಫ್ ಮಾಡಿ ಆನ್ ಮಾಡಿದೆ, ಅಲ್ಲೂ ಓಡಿತು. ಅಂದರೆ ದೋಷ ಇರುವುದು ಆ ಒಂದು ಸರ್ವರ್‌ನಲ್ಲಿ ಮಾತ್ರ. ಜಾವಾದಲ್ಲಿ ಯಾವ ಕ್ಲಾಸು ಯಾವ ಫೈಲಿನಿಂದ ಬಂತು ಎಂದು ಸಾಲುಸಾಲಾಗಿ ಬರೆಸುವ ಒಂದು ಉಪಾಯವಿದೆ. ಆದರೆ ಅದಕ್ಕೆ ಸರ್ವರನ್ನು ಮತ್ತೊಮ್ಮೆ ನಿಲ್ಲಿಸಿ ಶುರು ಮಾಡಬೇಕು. ಕೇಳಿದೆ. ಲೀಡ್ ಕೈಮುಗಿದು, "ಓಡ್ತಿರೋದನ್ನ ಮುಟ್ಬೇಡ ತಾಯಿ" ಎಂದರು. ನಾಲ್ಕು ದಿನದ ಹಿಂದೆ ಮುಟ್ಟಿದವರು ಯಾರು ಎಂದು ಕೇಳಿದೆ. ಆ ಮಾತು ಆಡಬಾರದಿತ್ತು ಎಂದು ಈಗಲೂ ನನಗೆ ಅನ್ನಿಸಿಲ್ಲ.

ಅಂದು ಮ್ಯಾನೇಜರ್ ಕೂಡ ಫೋನ್ ಮಾಡಿದರು. ನಾನು ಅವರನ್ನು ಕಂಡದ್ದೇ ಎರಡು ಸಲ. "ತಪ್ಪು ಒಪ್ಪಿಕೊಳ್ಳೋರನ್ನ ನಾವು ಇಷ್ಟಪಡ್ತೀವಿ, ತಿಂಗಳ ಕೊನೆಗೆ ನಿಮ್ಮ ವಿಷಯ ಇದೆಯಲ್ಲ" ಎಂದರು, ಬಹಳ ಮೆತ್ತಗೆ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವ ಕೋತಿಯ ಗಾದೆ ಚಿಕ್ಕಂದಿನಿಂದ ಕೇಳಿದ್ದೆ. ಮೇಕೆಗೆ ಥ್ಯಾಂಕ್ಸ್ ಹೇಳುವ ಕೋತಿಯನ್ನು ಅಂದೇ ಕೇಳಿದ್ದು. "ಮಾಡಿದ್ರೆ ಒಪ್ಕೋತೀನಿ ಸಾರ್" ಎಂದು ಫೋನ್ ಇಟ್ಟೆ.

ಬುಧವಾರ ಬೆಳಿಗ್ಗೆ ಸರ್ವರ್ ನೋಡಿಕೊಳ್ಳುವವರ ಹತ್ತಿರ ಹೋದೆ. ಶಿವಾಜಿನಗರದ ಮನುಷ್ಯ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಪೂಜೆಯ ದಿನ ಸರ್ವರ್ ಇರುವ ಗಾಜಿನ ಕೋಣೆಗೆ ನೀರು ಚಿಮುಕಿಸಬಾರದೆಂದು ಅಡ್ಡ ನಿಂತವರು ಅವರೊಬ್ಬರೇ. ನಾನು ಐದು ಸಾಲಿನ ಒಂದು ಪುಟ್ಟ ಪುಟ ಬರೆದುಕೊಂಡು ಹೋಗಿದ್ದೆ. ಅದು ಮಾಡುವುದು ಒಂದೇ ಕೆಲಸ: ಗಿರಾಕಿಯ ಕ್ಲಾಸನ್ನು 'ನೀನು ಯಾವ ಫೈಲಿನಿಂದ ಬಂದೆ' ಎಂದು ಕೇಳಿ ಉತ್ತರವನ್ನು ಪರದೆಯ ಮೇಲೆ ತೋರಿಸುವುದು. ಇದನ್ನು ಈಗ ಓಡುತ್ತಿರುವ ಮಾಡ್ಯೂಲ್ ಒಳಗೆ ಹಾಕಿದರೆ ಸಾಕು, ಏನನ್ನೂ ನಿಲ್ಲಿಸಬೇಕಿಲ್ಲ.

"ಮೇಡಂ, ಪರ್ಮಿಷನ್ ಇದೆಯಾ?"

"ಇಲ್ಲ ಭಾಯ್."

"ಏನಾದ್ರೂ ಬೀಳತ್ತಾ?"

"ಬೀಳಲ್ಲ. ಬರೀ ಕೇಳತ್ತೆ ಅಷ್ಟೆ."

ಅವರು ಐದು ಸಾಲನ್ನೂ ಎರಡು ಸಲ ಓದಿದರು. "ಕೇಳೋದ್ರಲ್ಲಿ ಏನ್ ತಪ್ಪು, ಪೂಛ್ ಲೇಂಗೆ" ಎಂದು ಹಾಕಿದರು. ಪರದೆಯ ಮೇಲೆ ಒಂದೇ ಸಾಲು ಬಂತು. ಕ್ಲಾಸು ಬಂದದ್ದು ನನ್ನ ಮಾಡ್ಯೂಲ್‌ನ ಫೋಲ್ಡರ್‌ನಿಂದ ಅಲ್ಲ, ಮೇಲಿನ ಫೋಲ್ಡರ್‌ನಿಂದ.

ಭಾಯ್ ಮೇಲಿನ ಫೋಲ್ಡರ್ ತೆರೆದರು. ಅಲ್ಲಿ ನಮ್ಮ ಗಿರಾಕಿ ಕ್ಲಾಸಿನ ಫೈಲು ಕೂತಿತ್ತು, ನಾಲ್ಕು ತಿಂಗಳು ಹಳೆಯದು. ಎರಡನೇ ಫೋನ್ ನಂಬರ್ ಎಂಬುದು ಹುಟ್ಟುವುದಕ್ಕೂ ಮುಂಚಿನದು. ಎಲ್ಲ ಒಂದೇ ಕ್ಷಣದಲ್ಲಿ ಬಿಡಿಸಿಕೊಂಡಿತು. ಸರ್ವರ್ ಮೇಲಿನ ಫೋಲ್ಡರನ್ನು ಓದುವುದು ಶುರುವಾಗುವಾಗ ಒಂದೇ ಸಲ. ಈ ಫೈಲನ್ನು ಯಾರೋ ನಾಲ್ಕು ತಿಂಗಳ ಹಿಂದೆ ಹಾಕಿದ್ದಾರೆ, ಸರ್ವರ್ ನಿಲ್ಲದೇ ಇದ್ದುದರಿಂದ ಅದು ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಪೂಜೆಯ ದಿನ ಸರ್ವರ್ ನಿಂತು ಎದ್ದಾಗ ಅದನ್ನು ಓದಿತು. ಅಂದಿನಿಂದ ಎಲ್ಲ ಮಾಡ್ಯೂಲ್‌ಗಳಿಗೂ ಈ ಹಳೆಯದೇ ಸಿಗುತ್ತಿದೆ. ಹಳೆಯದು ಸಾಲದೆ ಬಿದ್ದದ್ದು ಹೊಸದನ್ನು ಕೇಳಿದ ನನ್ನ ಮಾಡ್ಯೂಲ್ ಮಾತ್ರ.

"ನೋಡಿದ್ರಾ ಭಾಯ್! ನಾನು ಹೇಳ್ಲಿಲ್ವಾ?" ಎಂದು ಕೂಗಿದೆ. ಗಾಜಿನಾಚೆ ಇದ್ದವರು ತಿರುಗಿ ನೋಡಿದರು. ಯಾವ ಪುಣ್ಯಾತ್ಮ ಹಾಕಿದ್ದು ಎಂದು ಫೈಲಿನ ತಾರೀಖು, ಗಂಟೆ ನೋಡಿದೆ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಆಮೇಲೆ ಆ ದಿನ ನೆನಪಾಯಿತು.

ಆ ದಿನ ದಾಸ್ತಾನಿನ ಮಾಡ್ಯೂಲ್ 'ಗಿರಾಕಿ ಕ್ಲಾಸ್ ಸಿಗುತ್ತಿಲ್ಲ' ಎಂದಿತ್ತು. ಅದನ್ನು ನೋಡಿಕೊಳ್ಳುವವನು ರಜೆ, ನಾನು ಅವನ ಕುರ್ಚಿಯಲ್ಲಿ ಕೂತಿದ್ದೆ. ಲೀಡ್ ಊಟ ಮುಗಿಸಿ ಬಂದು ಹಿಂದೆ ನಿಂತು, "ಮೇಲಕ್ಕೆ ಹಾಕ್ಬಿಡು, ರಗಳೆ ಬೇಡ" ಎಂದಿದ್ದರು. ಹಾಕಿದೆ. ಸರಿಹೋಗಲಿಲ್ಲ, ಯಾಕೆಂದು ಆಗ ಯೋಚಿಸಲೂ ಇಲ್ಲ. ಅದೇ ಫೈಲನ್ನು ದಾಸ್ತಾನಿನ ಫೋಲ್ಡರಿಗೆ ಹಾಕಿದಾಗ ಸರಿಹೋಯಿತು. ಮೇಲೆ ಹಾಕಿದ್ದನ್ನು ತೆಗೆಯಬೇಕಿತ್ತು. ತೆಗೆಯದೆ ಎದ್ದು ಹೋದೆ.

ನಾನೇ. ಮೂರು ದಿನ ಊರೆಲ್ಲ ಕೇಳುವ ಹಾಗೆ ನಾನಲ್ಲ ನಾನಲ್ಲ ಎಂದು ಕಿರುಚಿದವಳು ನಾನೇ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಭಾಯ್‌ಗೆ ಹೇಳಿಬಿಟ್ಟೆ.

ಅವರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಮೇಡಂ, ಎಲ್ರದ್ದೂ ಒಂದೇ ಲಾಗಿನ್. ಯಾರು ಹಾಕಿದ್ರು ಅಂತ ಅಲ್ಲಾಗೇ ಗೊತ್ತು. ನಿಮ್ ಮಾಡ್ಯೂಲ್ ತಪ್ಪಲ್ಲ ಅಂತ ಆಯ್ತಲ್ಲ, ಛೋಡೋ."

ಬಿಡಬಹುದಿತ್ತು. ನಾನು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನನ್ನ ಫೈಲು ಅಪೂರ್ಣವಲ್ಲ, ನನ್ನ ಮಾಡ್ಯೂಲ್ ಸರಿಯಾಗಿದೆ. ತಿಂಗಳ ಕೊನೆಗೆ ಹನ್ನೆರಡೇ ದಿನ. ಮನೆಗೆ ಹೋಗುವ ಬಸ್ಸಿನಲ್ಲಿ ಇಂದಿರಾನಗರ ದಾಟುವವರೆಗೂ ಬಿಡೋಣ ಎಂದೇ ಅಂದುಕೊಂಡಿದ್ದೆ. ಅಕ್ಕನಿಗೆ ಹೇಳಿದೆ. ಅವಳಾದರೂ ಬಿಡು ಎನ್ನಲಿ ಎಂಬ ಆಸೆ ಇತ್ತು.

"ಮಾಡಿಲ್ಲಂದಿ, ಹಾಕಬ್ಯಾಡ ಅಂದೆ. ಈಗ ಮಾಡೀನಿ ಅಂತಿ" ಎಂದಳು.

"ಹಾಕಿದ್ರ ಪರ್ಮನೆಂಟ್ ಆಗಾಂಗಿಲ್ಲಕ್ಕಾ."

ಅವಳು "ಊಟ ಮಾಡು" ಎಂದು ತಟ್ಟೆ ಮುಂದಿಟ್ಟಳು.

ಗುರುವಾರ ಬೆಳಿಗ್ಗೆ ಲೀಡ್‌ಗೆ ಪರದೆಯ ಆ ಸಾಲನ್ನೂ ಫೈಲಿನ ತಾರೀಖನ್ನೂ ತೋರಿಸಿದೆ. ಅವರು ಬುದ್ಧಿವಂತರು, ಅರ್ಧ ನಿಮಿಷ ಸಾಕಾಯಿತು. ಅವರಿಗೂ ಆ ಮಧ್ಯಾಹ್ನ ನೆನಪಾಯಿತು ಎಂಬುದು ಮುಖದಲ್ಲೇ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮುಂಚೆಯೇ ಹೆಗಲು ಮುಟ್ಟಿ ನೋಡಿಕೊಂಡರು.

"ಮೇಲಕ್ಕೆ ಹಾಕೋದು ನಾನೊಬ್ಬನೇ ಹೇಳಿದ್ದಲ್ವಲ್ಲ, ಎಲ್ರೂ ಮಾಡ್ತಾರೆ" ಎಂದರು. ನಾನಿನ್ನೂ ಅದನ್ನು ಕೇಳಿರಲೇ ಇಲ್ಲ. ಆಮೇಲೆ ನನ್ನನ್ನು ಕೂರಿಸಿದರು. "ನೋಡಮ್ಮಾ, ನೀನು ಹೇಳಿದ್ದೇ ಸರಿ. ಆ ಪೇಪರ್ ಹರಿದು ಹಾಕೋಣ. ಸರ್ವರ್ ರೀಸ್ಟಾರ್ಟ್‌ನಲ್ಲಿ ತೊಂದ್ರೆ ಆಯ್ತು ಅಂತ ಬರೀತೀನಿ. ಯಾರ ಹೆಸ್ರೂ ಬೇಡ, ಯಾರ ಸೈನೂ ಬೇಡ. ನಿನ್ ಪರ್ಮನೆಂಟ್ ವಿಷ್ಯ ಇವತ್ತೇ ಮಾತಾಡ್ತೀನಿ."

ಸೋಮವಾರ ಈ ಮಾತು ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆನೇನೋ. ಈಗ ಮೈಯೆಲ್ಲ ಉರಿದುಹೋಯಿತು. ನನ್ನದಲ್ಲದ ತಪ್ಪಿಗೆ ನನ್ನ ಹೆಸರು ಬೇಕಿತ್ತು. ನನ್ನ ತಪ್ಪು ಸಿಕ್ಕಾಗ ಅದರ ಪಕ್ಕದಲ್ಲಿ ಅವರ ಹೆಸರೂ ಬರುತ್ತದೆ, ಹಾಗಾಗಿ ಯಾರ ಹೆಸರೂ ಬೇಡವಾಯಿತು.

"ಸೋಮವಾರ ಹೆಸ್ರು ಬೇಕಿತ್ತು, ಗುರುವಾರ ಬೇಡ್ವಾ ಸಾರ್?" ಎಂದೆ.

"ಹಟ ಮಾಡ್ಬೇಡ."

ಮಾಡಿದೆ. ನನ್ನ ಮೇಜಿಗೆ ಹೋಗಿ ಅದೇ ನಮೂನೆಯನ್ನು ಹೊಸದಾಗಿ ತುಂಬಿದೆ. ಹೊಸ ಮಾಡ್ಯೂಲ್‌ನಲ್ಲಿ ತಪ್ಪಿಲ್ಲ. ಮೇಲಿನ ಫೋಲ್ಡರ್‌ನಲ್ಲಿದ್ದ ಹಳೆಯ ಫೈಲಿನಿಂದ ಹೀಗಾಗಿದೆ. ಅದನ್ನು ಹಾಕಿದವಳು ನಾನು, ತೆಗೆಯದೆ ಬಿಟ್ಟವಳೂ ನಾನು. ಹಾಕಲು ಹೇಳಿದವರು ನನ್ನ ಲೀಡ್. ಆ ಫೋಲ್ಡರ್‌ನಲ್ಲಿ ಇಂಥ ಇನ್ನೂ ಮೂವತ್ತೊಂದು ಫೈಲುಗಳಿವೆ, ಅವನ್ನು ಯಾರು ಯಾಕೆ ಹಾಕಿದರೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ತೆಗೆಯುವವರೆಗೆ ಇದು ಮತ್ತೆ ಆಗುತ್ತದೆ. ಪ್ರಿಂಟ್ ತೆಗೆದು ಸಹಿ ಹಾಕಿದೆ. ಸ್ಕ್ಯಾನ್ ಮಾಡಿ ಮ್ಯಾನೇಜರ್‌ಗೂ ಕ್ಲೈಂಟ್‌ಗೂ ಒಟ್ಟಿಗೆ ಕಳಿಸಿದೆ. ಕಳಿಸುವ ಗುಂಡಿ ಒತ್ತುವ ಮುಂಚೆ ಎರಡು ಸಲ ಕೈ ಹಿಂದೆ ತಗೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮುಂದಿನ ವಾರ ಮೇಲಿನ ಫೋಲ್ಡರನ್ನು ಖಾಲಿ ಮಾಡುವ ಕೆಲಸ ನನಗೇ ಕೊಟ್ಟರು. ಒಂದೊಂದು ಫೈಲನ್ನೂ ಯಾರಿಗೆ ಬೇಕೋ ಆ ಮಾಡ್ಯೂಲ್‌ಗೆ ಇಳಿಸಿದೆ. ನನ್ನ ಹೊಸ ಮಾಡ್ಯೂಲನ್ನು ಮತ್ತೆ ಹಾಕಿದರು, ಒಂದಕ್ಷರ ಬದಲಿಸದೆ, ಅದು ಓಡಿತು. ತಿಂಗಳ ಕೊನೆಯಲ್ಲಿ ಏಜೆಂಟ್ ಫೋನ್ ಮಾಡಿ ಕರಾರು ಮುಂದುವರಿಯುವುದಿಲ್ಲ, ಕಂಪನಿಗೆ ಸದ್ಯ ಜನ ಬೇಡವಂತೆ ಎಂದ. ಆ ದಿನ ಶೌಚಾಲಯಕ್ಕೆ ಹೋಗಿ ಅತ್ತೆ. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೊನೆಯ ದಿನ ಲೀಡ್ ಲಿಫ್ಟಿನವರೆಗೆ ಬಂದರು. ಅವರಿಗೂ ಬೇಸರವಾಗಿತ್ತು, ಅದು ನಾಟಕವಲ್ಲ.

"ನಾನು ಹೇಳಿದ ಹಾಗೆ ಸುಮ್ನಿದ್ದಿದ್ರೆ ಇವತ್ತು ಪರ್ಮನೆಂಟ್ ಆಗ್ತಿದ್ದೆ. ನಿನ್ ಕೈಯಾರೆ ನೀನೇ ಹಾಳ್ಮಾಡ್ಕೊಂಡ್ಯಲ್ಲಮ್ಮಾ."

"ಹೌದು ಸಾರ್" ಎಂದೆ. "ಸೋಮವಾರ ನಿಮ್ ಕೈಯಾರೆ ಹಾಳಾಗ್ತಿತ್ತು. ಅದಾಗ್ಬಾರ್ದು ಅಂತ್ಲೇ ನಾನೇ ಮಾಡ್ಕೊಂಡೆ."